ಶಿರಸಿಯ ಬೆಟ್ಟದ ದಾರಿಗೆ ಗ್ರಾವೆಲ್ ಸೈಕಲ್: ದುಡ್ಡು ಚೌಕಟ್ಟಿಗಲ್ಲ, ಟೈರಿಗೆ ಹಾಕಿ

ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವ 766ಇ ಹೆದ್ದಾರಿ ಸೈಕಲ್ಲಿನವರ ರಸ್ತೆಯಲ್ಲ. ತಿರುವಿನಲ್ಲಿ ಎರಡು ಲಾರಿ ಎದುರಾದರೆ ಸೈಕಲ್ಲಿಗೆ ಉಳಿಯುವುದು ಒಂದು ಮೊಳ ಜಾಗ, ಅದರಾಚೆ ಚರಂಡಿ. ಆದರೆ ಅದೇ ಹೆದ್ದಾರಿ ಬಿಟ್ಟು ಊರೊಳಗಿನ ಮಣ್ಣುದಾರಿಗೆ ತಿರುಗಿದರೆ ಬೆಳಗಿನಿಂದ ಮಧ್ಯಾಹ್ನದವರೆಗೆ ತುಳಿದರೂ ಎದುರು ಸಿಗುವುದು ಸೊಪ್ಪು ಹೇರಿದ ಒಂದು ಟಿಲ್ಲರ್, ಡೇರಿಗೆ ಹಾಲು ಒಯ್ಯುವ ಎರಡು ಬೈಕು. ವಾಹನವಿಲ್ಲದ ದಾರಿ ಹುಡುಕಿಕೊಂಡು ದೂರದ ದೇಶಕ್ಕೆ ಹೋಗುವ ಸೈಕಲ್ ಸವಾರರಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಧೈರ್ಯವಾಗಿ ಹೇಳಬಹುದಾದ ಮಾತು ಇದು: ಅದು ನಮ್ಮ ಹಿತ್ತಲಲ್ಲೇ ಇದೆ. ಈ ದಾರಿಗೆ ಬೇಕಾದ್ದು ಗ್ರಾವೆಲ್ ಸೈಕಲ್, ಅಂದರೆ ಟಾರಿಗೂ ಮಣ್ಣಿಗೂ ಆಗುವ ಅಗಲ ಟೈರಿನ ಸೈಕಲ್.

ಈ ದಾರಿಗಳು ಸುಮ್ಮನೆ ಆದವಲ್ಲ. ಅಡಿಕೆ ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ದರಕು (ಉದುರಿದ ಒಣ ಎಲೆ) ಬೇಕು. ಅದಕ್ಕಾಗಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ಬಂದಿದೆ. ಬೆಟ್ಟಕ್ಕೆ ಗಾಡಿ ಹೋಗುವ ದಾರಿ, ಅರಣ್ಯ ಇಲಾಖೆ ಮರ ಸಾಗಿಸಲು ಕಡಿದ ಕೂಪು ದಾರಿ, ಊರಿಂದೂರಿಗೆ ಹೋಗುವ ಹಳೇ ಗಾಡಿ ದಾರಿ, ಈ ಮೂರೂ ಸೇರಿ ಒಂದು ಬಲೆಯಾಗಿದೆ. ಇವುಗಳ ಗುಣ ಒಂದೇ ಅಲ್ಲ. ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿತ್ತು. ವ್ಯಾಪಾರಸ್ಥರು ಅದನ್ನು ಕುಮಟಾ ಹತ್ತಿ ಎಂದೇ ಕರೆಯುತ್ತಿದ್ದರು. ತುಂಬಿದ ಗಾಡಿಯನ್ನು ಎತ್ತು ಎಳೆಯಬೇಕಿದ್ದ ದಾರಿಯ ಏರು ಹದವಾಗಿರುತ್ತದೆ. ಲಾರಿಗೂ ಜೀಪಿಗೂ ಕಡಿದ ಕೂಪು ದಾರಿ ನೇರ ಗುಡ್ಡದ ನೆತ್ತಿಗೆ ಏರುತ್ತದೆ. ಸೈಕಲ್ ಕೊಳ್ಳುವ ಮೊದಲು ಈ ವ್ಯತ್ಯಾಸ ತಲೆಯಲ್ಲಿರಲಿ, ಗೇರಿನ ಲೆಕ್ಕ ಇದರ ಮೇಲೇ ನಿಂತಿದೆ.

ಇಲ್ಲಿ ನೋಡುತ್ತಿರುವುದು ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಒಂದು ಜೋಡಣೆಯನ್ನು: ಅಲ್ಯೂಮಿನಿಯಂ ಚೌಕಟ್ಟು, ಶಿಮಾನೋ ಜಿಆರ್‌ಎಕ್ಸ್ 400 ಸರಣಿಯ ಗೇರು ಮತ್ತು ಹೈಡ್ರಾಲಿಕ್ ಡಿಸ್ಕ್ ಬ್ರೇಕು, ಮುಂದೆ ಪೆಡಲಿನ ಬಳಿ 46 ಮತ್ತು 30 ಹಲ್ಲಿನ ಎರಡು ಹಲ್ಲುಚಕ್ರ, ಹಿಂದೆ 11ರಿಂದ 34 ಹಲ್ಲಿನ 10 ಗೇರಿನ ಕ್ಯಾಸೆಟ್ (ಹಲ್ಲುಚಕ್ರಗಳ ಕಟ್ಟು), 700 ಗಾತ್ರದ ರಿಮ್ಮಿಗೆ 40 ಮಿ.ಮೀ. ಟೈರು. ಬೆಲೆ ಲಕ್ಷ ದಾಟುತ್ತದೆ. ಹೀಗೆ ಜೋಡಿಸಿದ ಸೈಕಲ್ ನಮ್ಮ ದಾರಿಗೆ ಮುಕ್ಕಾಲುಪಾಲು ಒಪ್ಪುತ್ತದೆ. ಉಳಿದ ಕಾಲುಪಾಲು ಅಂಗಡಿಯಿಂದ ಹೊರಗೆ ತರುವ ಮೊದಲೇ ಸರಿಮಾಡಿಸಿಕೊಳ್ಳಬೇಕು.

ಮೊದಲು ನೆಲ. ಘಟ್ಟದ ಮೇಲೂ ಕೆಳಗೂ ನಮ್ಮದು ಕೆಂಪು ಜಂಬಿಟ್ಟಿಗೆ ನೆಲ, ಕರಾವಳಿಯವರ ಚಿರೇಕಲ್ಲು. ಇದರ ಮೇಲ್ಪದರ ಸವೆದಾಗ ಕಬ್ಬಿಣದಂಶದ ಗಟ್ಟಿ ಉಂಡೆಗಳು ಬಿಡಿಬಿಡಿಯಾಗಿ ಉಳಿಯುತ್ತವೆ, ಸಾಸಿವೆಯಿಂದ ಕಡಲೆ ಗಾತ್ರದವರೆಗೆ. ಅಡಿಯ ನೆಲ ಕಲ್ಲಿನಂತೆ ಬಿಗಿ, ಮೇಲೆ ಈ ಗುಂಡುಗಳು. ಅಂಗಳದಲ್ಲಿ ಒಣಹಾಕಿದ ಗೋಟಡಿಕೆಯ ಮೇಲೆ ಕಾಲಿಟ್ಟರೆ ಏನಾಗುತ್ತದೋ ಟೈರಿಗೂ ಅದೇ ಆಗುತ್ತದೆ. ಜಾರುವುದು ಟೈರಿನ ಹಲ್ಲು ಸಣ್ಣದೆಂಬ ಕಾರಣಕ್ಕಲ್ಲ, ಗಾಳಿ ಹೆಚ್ಚಾಗಿ ಟೈರು ನೆಲಕ್ಕೆ ಹರಡಿಕೊಳ್ಳದ ಕಾರಣಕ್ಕೆ. ಬಹಳ ಜನ ಟೈರಿನ ಬದಿಯಲ್ಲಿ ಅಚ್ಚಾದ ಗರಿಷ್ಠ ಒತ್ತಡವನ್ನೇ ತುಂಬುವ ಒತ್ತಡವೆಂದು ತಿಳಿದು 60 ಪಿಎಸ್‌ಐ ಹಾಕಿ, ಆಮೇಲೆ ಸೈಕಲ್ಲನ್ನೇ ದೂರುತ್ತಾರೆ.

ಸವಾರ, ಸೈಕಲ್, ನೀರು, ಚೀಲ ಎಲ್ಲ ಸೇರಿ 85 ಕೆ.ಜಿ. ಎಂದಿಟ್ಟುಕೊಂಡರೆ 40 ಮಿ.ಮೀ. ಟ್ಯೂಬ್‌ಲೆಸ್ ಟೈರಿಗೆ ಮುಂದೆ 28ರಿಂದ 30, ಹಿಂದೆ 32ರಿಂದ 34 ಪಿಎಸ್‌ಐ ಸಾಕು. ಟ್ಯೂಬ್ ಹಾಕಿದ್ದರೆ ಎರಡಕ್ಕೂ 8ರಿಂದ 10 ಹೆಚ್ಚು ಬೇಕು. ಇಲ್ಲದಿದ್ದರೆ ಚೂಪು ಕಲ್ಲಿಗೆ ಬಡಿದಾಗ ರಿಮ್ಮಿನ ಎರಡು ಅಂಚಿನ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತಾಗುತ್ತದೆ. ಟ್ಯೂಬ್‌ಲೆಸ್ ಬೇಕೇ ಬೇಕು ಎನ್ನುವುದು ಇದಕ್ಕೇ: ಆ 8 ಪಿಎಸ್‌ಐ ಇಳಿಸಲು ಸಿಗುವ ಅವಕಾಶವೇ ಇಳಿಜಾರಿನ ಹಿಡಿತ. ಟೈರೊಳಗೆ ಹಾಕುವ ಸೀಲೆಂಟ್ ದ್ರವ ತೂತು ಮುಚ್ಚುತ್ತದೆ ಎಂಬುದು ಅದರ ಮೇಲಿನ ಲಾಭ. ಬಿದಿರು ಮುಳ್ಳು, ಪರಿಗೆ ಮುಳ್ಳು, ಕವಳಿ ಮುಳ್ಳು ಇರುವ ನಾಡಿನಲ್ಲಿ ಆ ಲಾಭವೂ ಸಣ್ಣದಲ್ಲ.

ಸೈಕಲ್ ಟ್ಯೂಬ್‌ಲೆಸ್‌ಗೆ ತಯಾರಿದೆ ಎಂದು ಬರೆದಿದ್ದರೂ ಒಳಗೆ ಟ್ಯೂಬ್ ಇಟ್ಟೇ ಕೊಡುವುದು ಹೆಚ್ಚು. ಬದಲಾಯಿಸುವ ಕೆಲಸ ಮನೆಯಲ್ಲೇ ಆಗುತ್ತದೆ, ಕ್ರಮ ತಪ್ಪಬಾರದು ಅಷ್ಟೆ. ರಿಮ್ಮಿನ ಒಳ ಅಗಲಕ್ಕಿಂತ 2–3 ಮಿ.ಮೀ. ಹೆಚ್ಚಿರುವ ರಿಮ್ ಟೇಪನ್ನು ಬಿಗಿಯಾಗಿ ಎಳೆದು ಎರಡು ಸುತ್ತು ಅಂಟಿಸಿ. ಅದಕ್ಕೆ ಮೊದಲು ರಿಮ್ಮನ್ನು ಸ್ಪಿರಿಟ್ಟಿನಿಂದ ಒರೆಸಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕುವುದಾದರೆ ರಿಮ್ಮನ್ನು ಒಲೆಯ ಹತ್ತಿರ ಅರ್ಧ ಗಂಟೆ ಇಟ್ಟು ತೇವ ಹೋಗಲಾಡಿಸಿ, ನಮ್ಮ ಕಡೆಯ ಜುಲೈ ಗಾಳಿಯಲ್ಲಿ ಟೇಪು ಹಿಡಿಯುವುದೇ ಇಲ್ಲ. ವಾಲ್ವಿನ ಜಾಗಕ್ಕೆ ಕಾಯಿಸಿದ ಮೊಳೆಯಿಂದ ತೂತು ಮಾಡಿದರೆ ಟೇಪು ಸೀಳುವುದಿಲ್ಲ. ಟೈರು ಕೂರಿಸಿ, ಅಂಚಿಗೆ ಸೋಪುನೀರು ಸವರಿ, ವಾಲ್ವಿನ ಕೋರ್ (ಒಳಗಿನ ಬಿಚ್ಚಬಹುದಾದ ತಿರುಳು) ಬಿಚ್ಚಿ ಗಾಳಿ ಹೊಡೆಯಿರಿ. ಕೋರ್ ತೆಗೆದರೆ ಗಾಳಿ ಒಮ್ಮೆಲೇ ನುಗ್ಗುತ್ತದೆ, ಟೈರಿನ ಅಂಚು ಪಟಪಟನೆ ಸದ್ದು ಮಾಡಿ ಕೂರುತ್ತದೆ. ಕೈಪಂಪಿನಿಂದ ಆಗದಿದ್ದರೆ ಪೆಟ್ರೋಲ್ ಬಂಕಿನ ಗಾಳಿಯಂತ್ರವೇ ಗತಿ. ಅಲ್ಲಿನ ಮೂತಿ ಬೈಕು ಕಾರಿನ ಶ್ರಾಡರ್ ವಾಲ್ವಿಗೆ ಮಾಡಿದ್ದು, ನಮ್ಮದು ಸಪೂರ ಪ್ರೆಸ್ಟಾ. ನಡುವೆ ಹಾಕುವ ಹಿತ್ತಾಳೆಯ ಅಡಾಪ್ಟರ್ ಬೆರಳ ತುದಿಯಷ್ಟು ದೊಡ್ಡದು, ಚೀಲದಲ್ಲಿ ಎರಡಿರಲಿ. ಆದರೆ ಅಡಾಪ್ಟರ್ ಕೂರಬೇಕಾದರೆ ವಾಲ್ವಿನ ಕೋರ್ ಒಳಗಿರಲೇಬೇಕು ಎಂಬುದು ನೆನಪಿರಲಿ. ಬಂಕಿನ ಗಾಳಿಗೆ ಆ ತೊಡಕನ್ನೂ ಮೀರುವ ಒತ್ತಡವಿದೆ. ಗಾಳಿ ಕೊಡುವವರಿಗೆ 35 ಎಂದು ಮೊದಲೇ ಹೇಳಿ. ಹಳ್ಳಿಯ ಸೈಕಲ್ ಶಾಪಿನ ಪಂಪು ಹಳೇ ಸೈಕಲ್ಲಿನ ವಾಲ್ವಿನದು, ಅದಕ್ಕೆ ಈ ಅಡಾಪ್ಟರ್ ಉಪಯೋಗವಿಲ್ಲ.

ಟೈರು ಕೂತ ಮೇಲೆ ಗಾಳಿ ಬಿಟ್ಟು, ಕೋರ್ ತೆಗೆದ ವಾಲ್ವಿನ ಮೂಲಕ ಒಂದೊಂದು ಟೈರಿಗೆ 70 ಮಿ.ಲೀ. ಸೀಲೆಂಟ್ ಹಾಕಿ, ಮತ್ತೆ ಗಾಳಿ ತುಂಬಿ, ಚಕ್ರವನ್ನು ಎರಡೂ ಮಗ್ಗುಲಿಗೆ ಮಲಗಿಸಿ ತಿರುಗಿಸಿ, ಅದೇ ದಿನ ಒಂದು ಸುತ್ತು ತುಳಿದುಬನ್ನಿ. ಸೀಲೆಂಟ್ ಲೇಟೆಕ್ಸ್, ಅಂದರೆ ರಬ್ಬರು ಹಾಲಿನ ಸ್ವಭಾವದ್ದೇ; ಒಣಗಿದರೆ ಟೈರೊಳಗೆ ಸಿಪ್ಪೆಯಾಗಿ ಬೀಳುತ್ತದೆ. ಮೂರು ತಿಂಗಳಿಗೊಮ್ಮೆ ಮೇಲಷ್ಟು ಹಾಕುವುದು ರೂಢಿ; ಮಾರ್ಚಿನಿಂದ ಮೇ ತನಕ, ಅದರಲ್ಲೂ ಅಂಕೋಲಾ, ಕಾರವಾರದ ಬಿಸಿಲಿಗೆ ನಿಲ್ಲಿಸುವ ಸೈಕಲ್ಲಿಗೆ ಎರಡು ತಿಂಗಳು ಎಂದಿಟ್ಟುಕೊಳ್ಳಿ. ಮುಳ್ಳು ಚುಚ್ಚಿ ಗಾಳಿ ನಿಂತಿದ್ದರೆ ಮುಳ್ಳನ್ನು ಅಲ್ಲೇ ಕೀಳಬೇಡಿ, ಅದೇ ಬಿರಡೆ. ಕೀಳಲೇಬೇಕಾದರೆ ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಒಂದು ನಿಮಿಷ ಹಿಡಿದುಕೊಳ್ಳಿ, ಸೀಲೆಂಟ್ ಅಲ್ಲಿಗೆ ಹರಿಯಲಿ. 3 ಮಿ.ಮೀ. ಮೀರಿದ ತೂತಿಗೆ ರಬ್ಬರು ಪ್ಲಗ್ ತುರುಕಬೇಕು. ಬದಿಗೋಡೆ ಸೀಳಿದರೆ ಇದ್ಯಾವುದೂ ನಡೆಯದು: ಹಳೇ ಟೈರಿನ ಎರಡಂಗುಲ ತುಂಡನ್ನು ಒಳಗಿಂದ ಆನಿಸಿ, ಟ್ಯೂಬ್ ಹಾಕಿ ಮನೆ ಸೇರುವುದು. ಹಾಗಾಗಿ ಟ್ಯೂಬ್‌ಲೆಸ್ ಇದ್ದವರೂ ಒಂದು ಟ್ಯೂಬ್ ಒಯ್ಯಬೇಕು.

ಟೈರಿನ ನಮೂನೆಯ ಬಗ್ಗೆ: ಪನರೇಸರ್ ಗ್ರಾವೆಲ್‌ಕಿಂಗ್ ಎಸ್‌ಕೆ ತರಹದ ಸಣ್ಣ ಹಲ್ಲಿನ ಟೈರು ನವೆಂಬರಿನಿಂದ ಮೇವರೆಗೆ ಇಲ್ಲಿಗೆ ಸರಿ. ಟಾರು ಬಂದಾಗ ಭಾರ ಎನಿಸುವುದಿಲ್ಲ, ಹೆದ್ದಾರಿ ದಾಟಿ ಇನ್ನೊಂದು ಮಣ್ಣುದಾರಿ ಸೇರುವವರೆಗೆ ಟಾರು ಇದ್ದೇ ಇರುತ್ತದೆ. ಚೌಕಟ್ಟಿನಲ್ಲಿ ಜಾಗವಿದ್ದರೆ 43 ಅಥವಾ 45 ಮಿ.ಮೀ. ಹಾಕಿಸಿ. ಟೈರಿನ ಎರಡೂ ಬದಿಗೆ 6 ಮಿ.ಮೀ. ಖಾಲಿ ಉಳಿಯಬೇಕು. ಉಳಿಯದಿದ್ದರೆ ತೋಟದ ಪಕ್ಕದ ಅರಲು ಟೈರಿಗೆ ಮೆತ್ತಿ ಫೋರ್ಕಿನಡಿ ಕಟ್ಟಿಕೊಂಡು ಚಕ್ರವೇ ನಿಲ್ಲುತ್ತದೆ, ಜೊತೆಗೆ ಬರುವ ಸಣ್ಣ ಕಲ್ಲು ಚೌಕಟ್ಟಿನ ಬಣ್ಣ ಕೆರೆಯುತ್ತದೆ.

ಈಗ ಗೇರು. 30 ಹಲ್ಲಿನ ಮುಂಚಕ್ರ, 34 ಹಲ್ಲಿನ ಹಿಂಚಕ್ರದಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 1.94 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತಿನಂತೆ ಗಂಟೆಗೆ 7 ಕಿ.ಮೀ. 10 ಪ್ರತಿಶತ ಏರಿನಲ್ಲಿ, ಒಟ್ಟು 85 ಕೆ.ಜಿ. ತೂಕಕ್ಕೆ, ಆ ವೇಗದಲ್ಲಿ ಬರೀ ಮೇಲೆತ್ತುವುದಕ್ಕೇ 160 ವ್ಯಾಟ್ ಬೇಕು. ಸಡಿಲ ಕಲ್ಲಿನ ಎಳೆತ ಬೇರೆ. ಗಾಡಿ ದಾರಿಯ ಏರಿಗೆ ಇದು ಧಾರಾಳ. ಕೂಪು ದಾರಿಯ 14–15 ಪ್ರತಿಶತದ ತುಂಡುಗಳಲ್ಲಿ ಸಾಮಾನ್ಯ ಸವಾರನಿಗೆ ಸಾಲದು, ಎದ್ದು ನಿಂತು ತುಳಿಯಬೇಕಾಗುತ್ತದೆ. ಎದ್ದು ನಿಂತ ಕ್ಷಣ ಹಿಂದಿನ ಗಾಲಿಯ ಮೇಲಿನ ಭಾರ ತಪ್ಪಿ ಗುಂಡುಕಲ್ಲಿನ ಮೇಲೆ ಗಾಲಿ ಸುಮ್ಮನೆ ತಿರುಗುತ್ತದೆ. ಕೂತೇ ಹತ್ತುವಷ್ಟು ಇಳಿದ ಗೇರು ಇಲ್ಲಿ ಸೋಮಾರಿತನವಲ್ಲ, ಹಿಡಿತದ ಮಾತು.

ಪರಿಹಾರ ಸುಲಭವಿದೆ. ಈ ಸರಣಿಯ ಹಿಂದಿನ ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಭಾಗ) 36 ಹಲ್ಲಿನವರೆಗೆ ಒಪ್ಪುತ್ತದೆ. 11–36 ಕ್ಯಾಸೆಟ್ ಹಾಕಿಸಿದರೆ ಒಂದು ಸುತ್ತಿಗೆ 1.84 ಮೀಟರ್. ಕಾಗದದ ಮೇಲೆ ಸಣ್ಣ ಅಂತರ, ಅರ್ಧ ಗಂಟೆಯ ಏರಿನಲ್ಲಿ ಮೊಣಕಾಲಿಗೆ ಗೊತ್ತಾಗುತ್ತದೆ. ಮುಂದೆ ದೊಡ್ಡದು, ಹಿಂದೆ ದೊಡ್ಡದು ಹಾಕಿ ಚೈನಿನ ಉದ್ದ ಸಾಲುತ್ತದೆಯೇ ಎಂದು ಅಂಗಡಿಯಲ್ಲೇ ತಿರುಗಿಸಿ ನೋಡಿಸಿ. ಸಾಲದಿದ್ದರೆ ಡಿರೈಲರ್ ಕಿತ್ತು ಬರುವ ಸಂಭವವಿದೆ. ಮುಂದೆ ಒಂದೇ 40 ಹಲ್ಲಿನ ಚಕ್ರ, ಹಿಂದೆ 11–42 ಇರುವ ದುಬಾರಿ ಜೋಡಣೆಯ ಕೊನೆಯ ಗೇರು 2.10 ಮೀಟರ್, ಅಂದರೆ ನಮ್ಮ ಏರಿಗೆ ಇದಕ್ಕಿಂತ ಕಷ್ಟ. ಒಂದೇ ಮುಂಚಕ್ರ ಸರಳ ಎಂಬುದು ನಿಜ. ಆದರೂ ಘಟ್ಟದ ಮೇಲೆ ಇರುವವರಿಗೆ ಎರಡು ಮುಂಚಕ್ರದ ಅಗ್ಗದ ಜೋಡಣೆಯೇ ಮೇಲು ಎಂಬುದರಲ್ಲಿ ಅನುಮಾನವಿಲ್ಲ.

ಜಿಆರ್‌ಎಕ್ಸ್ ಡಿರೈಲರಿನಲ್ಲಿ ಚೈನು ಕುಣಿಯದಂತೆ ಬಿಗಿಹಿಡಿಯುವ ಕ್ಲಚ್ ಇದೆ, ಪಕ್ಕದಲ್ಲಿ ಸಣ್ಣ ಗುಂಡಿಯಂಥ ಸನ್ನೆ. ಚಕ್ರ ಬಿಚ್ಚುವಾಗ ಅದನ್ನು ಸಡಿಲಿಸಿದವರು ಮತ್ತೆ ಹಾಕುವುದನ್ನು ಮರೆಯುತ್ತಾರೆ. ಇಳಿಜಾರಿನಲ್ಲಿ ಚೈನು ಪಟಪಟ ಬಡಿದರೆ ಮೊದಲು ನೋಡಬೇಕಾದ್ದು ಅದನ್ನೇ. ಡಿರೈಲರ್ ನೇತಾಡುವ ಹ್ಯಾಂಗರ್ ಮಾತ್ರ ಒಂದೊಂದು ಚೌಕಟ್ಟಿಗೆ ಒಂದೊಂದು ಆಕಾರದ್ದು, ದಾರಿಗೆ ಬಿದ್ದ ಕೊಂಬೆ ಚಕ್ರಕ್ಕೆ ಸಿಕ್ಕಿದರೆ ಮೊದಲು ಮುರಿಯುವುದೂ ಅದೇ. ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ, ಚೌಕಟ್ಟು ಉಳಿಯಲೆಂದು. ಸೈಕಲ್ ಕೊಳ್ಳುವ ದಿನವೇ ಒಂದು ಹೆಚ್ಚಿನ ಹ್ಯಾಂಗರ್ ಕೇಳಿ ತನ್ನಿ. ಆಮೇಲೆ ಶಿರಸಿ ಪೇಟೆ ತಿರುಗಿದರೆ ಸಿಗುವ ವಸ್ತುವಲ್ಲ, ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋದರೂ ನಿಮ್ಮ ಚೌಕಟ್ಟಿನದೇ ಸಿಗುವ ಭರವಸೆಯಿಲ್ಲ.

ಬ್ರೇಕಿಗೆ ಪೂರ್ಣ ಅಂಕ ಕೊಡಬಹುದು. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಘಟ್ಟ ಇಳಿಯುವಾಗ ಕೇಬಲ್ ಬ್ರೇಕು ಹಿಡಿದು ಹಿಡಿದು ಬೆರಳು ಮರಗಟ್ಟುತ್ತದೆ. ಹೈಡ್ರಾಲಿಕ್ಕಿನಲ್ಲಿ ಒಂದು ಬೆರಳು ಸಾಕು, ಪ್ಯಾಡು ಸವೆದಂತೆ ತಾನೇ ಹೊಂದಿಕೊಳ್ಳುತ್ತದೆ. ಆದರೆ ಎರಡು ಎಚ್ಚರ. ಒಂದು, ಕೆಂಪುಮಣ್ಣಿನ ರಾಡಿ ಪ್ಯಾಡಿಗೆ ಅರೆಯುವ ಕಲ್ಲಿದ್ದಂತೆ. ಸೈಕಲ್ ಜೊತೆ ಬರುವ ರೆಸಿನ್ ಪ್ಯಾಡು ಒದ್ದೆ ದಾರಿಯಲ್ಲಿ ಬೇಗ ಮುಗಿಯುತ್ತದೆ; ಉಳಿದ ದಪ್ಪ 0.5 ಮಿ.ಮೀ.ಗೆ ಬಂದರೆ ಬದಲಿಸಲೇಬೇಕು. ಲೋಹದ ಪ್ಯಾಡು ಹೆಚ್ಚು ಬಾಳುತ್ತದೆ, ಸದ್ದು ಜಾಸ್ತಿ. ಹಾಕುವ ಮೊದಲು ಡಿಸ್ಕಿನ ಮೇಲೆ ರೆಸಿನ್ ಪ್ಯಾಡಿಗೆ ಮಾತ್ರ ಎಂಬ ಬರಹವಿದೆಯೇ ಓದಿ. ಇದ್ದರೆ ಡಿಸ್ಕನ್ನೂ ಬದಲಿಸಬೇಕು. ಎರಡನೆಯದು ಇನ್ನೂ ಮುಖ್ಯ: ಶಿಮಾನೋ ಬ್ರೇಕಿನೊಳಗೆ ಇರುವುದು ಮಿನರಲ್ ಆಯಿಲ್. ಬೈಕು ರಿಪೇರಿಯವರು ಒಳ್ಳೆ ಮನಸ್ಸಿನಿಂದಲೇ ತಮ್ಮಲ್ಲಿರುವ ಡಾಟ್ ಬ್ರೇಕ್ ಎಣ್ಣೆ ಹಾಕಿಕೊಟ್ಟರೆ ಒಳಗಿನ ಸೀಲುಗಳು ಉಬ್ಬಿ ಲಿವರ್ ಸಮೇತ ಹಾಳಾಗುತ್ತದೆ.

ಗುಂಡುಕಲ್ಲಿನ ತಿರುವಿನಲ್ಲಿ ಬ್ರೇಕು ಒತ್ತುವುದು ತಿರುವಿಗೆ ಮೊದಲು, ತಿರುವಿನೊಳಗೆ ಕೈ ಸಡಿಲ. ಟಿಲ್ಲರ್ ಚಕ್ರ ಓಡಿದ ಜಾಡಿನಲ್ಲೇ ಇರಿ. ನಡುವಿನ ದಿಬ್ಬದಲ್ಲಿ ಹುಲ್ಲು ಕಂಡರೂ ಸಡಿಲ ಕಲ್ಲು ಸೇರುವುದು ಅಲ್ಲೇ. ಫೆಬ್ರವರಿ ಮೇಲೆ ದರಕು ಬಿದ್ದಾಗ ಅಡಿಯ ಕಲ್ಲು, ಬೇರು, ಅಗಳ ಯಾವುದೂ ಕಾಣುವುದಿಲ್ಲ, ವೇಗ ಅರ್ಧಕ್ಕಿಳಿಸಬೇಕು. ಮಳೆ ನಿಂತ ಮೇಲೂ ನೆರಳಿನ ಸಿಮೆಂಟು ಏರುಗಳಲ್ಲಿ ಪಾಚಿ ಉಳಿದಿರುತ್ತದೆ. ಪಾಚಿಗೆ ಯಾವ ಟೈರೂ ಮದ್ದಲ್ಲ, ಇಳಿದು ನಡೆಯಿರಿ. ಅಡಿಕೆ ಮರದ ಕಾಲುಸಂಕದ ಮೇಲೂ ಅಷ್ಟೆ. 11 ಕೆ.ಜಿ. ಸೈಕಲ್ ಹೆಗಲಿಗೇರಿಸುವುದು ಕಷ್ಟವೇನಲ್ಲ.

ಜೂನಿನಿಂದ ಸೆಪ್ಟೆಂಬರ್ ಈ ಸೈಕಲ್ಲಿಗೆ ರಜೆ ಕೊಡುವುದೇ ಸರಿ. ಹಳ್ಳ ತುಂಬಿರುತ್ತದೆ, ಉಂಬಳದ ಕಾಟ, ಧರೆ ಕುಸಿತ. ನವೆಂಬರ್, ಡಿಸೆಂಬರ್ ಉತ್ತಮ ಕಾಲ: ನೆಲ ಬಿಗಿದಿರುತ್ತದೆ, ದೂಳೆದ್ದಿರುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ಉಣುಗಿನ ಬಗ್ಗೆ ಎಚ್ಚರ ಬೇಕು. ಉಣುಗಿನಿಂದ ಹರಡುವ, 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯ ಕ್ಯಾಸನೂರು ಕಾಡು ಇರುವುದು ಪಕ್ಕದ ಸೊರಬ ತಾಲೂಕಿನಲ್ಲಿ, ಸಿದ್ದಾಪುರದ ಕಡೆಯೂ ಕಾಯಿಲೆ ಕಂಡಿದೆ. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕಾಲು, ಕೈಗೆ ಹಚ್ಚಿಕೊಳ್ಳಿ. ಸೈಕಲ್ ಒರಗಿಸಿ ದರಕಿನ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಎಲ್ಲಿ ತುಳಿಯಬಹುದು ಎಂಬುದಕ್ಕೆ ಉತ್ತರ ಸೈಕಲ್ಲಿನಲ್ಲಿಲ್ಲ, ಕಾನೂನಿನಲ್ಲಿದೆ. ಊರಿಂದೂರಿಗೆ ಹೋಗುವ ಸಾರ್ವಜನಿಕ ದಾರಿಗೆ ಯಾರ ಅಪ್ಪಣೆಯೂ ಬೇಡ. ಮೀಸಲು ಅರಣ್ಯದೊಳಗಿನ ಕೂಪು ದಾರಿಗೆ ಕರ್ನಾಟಕ ಅರಣ್ಯ ಕಾಯ್ದೆ 1963 ಅನ್ವಯಿಸುತ್ತದೆ, ವಲಯ ಅರಣ್ಯ ಕಚೇರಿಯಲ್ಲಿ ಕೇಳಿಯೇ ಹೋಗಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶ ಮತ್ತು ಅಭಯಾರಣ್ಯಗಳಿಗೆ 1972ರ ವನ್ಯಜೀವಿ ಕಾಯ್ದೆ. ಅಲ್ಲಿ ಸೈಕಲ್ಲಿನ ಯೋಚನೆ ಬಿಡಿ. ಸೊಪ್ಪಿನ ಬೆಟ್ಟದಲ್ಲಿ ದಣಪೆ ತೆಗೆದವರು ಹಾಕಿಯೇ ಮುಂದೆ ಹೋಗಬೇಕು, ಇಲ್ಲದಿದ್ದರೆ ಸಂಜೆಯೊಳಗೆ ದನ ಯಾರದೋ ತೋಟದಲ್ಲಿರುತ್ತದೆ. ಫೋನಿನ ನಕ್ಷೆಯಲ್ಲಿ ಕಾಣುವ ಎಷ್ಟೋ ದಾರಿ ಯಾರದೋ ಮನೆಯಂಗಳಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿ ಕೇಳಿದರೆ ಮುಂದಿನ ಹಳ್ಳ ದಾಟಬಹುದೋ ಇಲ್ಲವೋ ಎಂಬುದು ನಕ್ಷೆಗಿಂತ ಸರಿಯಾಗಿ ತಿಳಿಯುತ್ತದೆ. ನೆಟ್‌ವರ್ಕ್ ಸಿಗದ ಜಾಗ ಬಹಳ, ನಕ್ಷೆ ಮೊದಲೇ ಇಳಿಸಿಕೊಂಡಿರಿ. ಕಾಡುಕೋಣ ಎದುರಾದರೆ ನಿಂತು ಕಾಯಿರಿ, ಬೆಲ್ಲು ಹೊಡೆದು ಓಡಿಸಲು ಹೋಗಬೇಡಿ. ಸಂಜೆ ನಾಲ್ಕೂವರೆಗೆ ಕಾಡಿನ ದಾರಿ ಬಿಟ್ಟಿರಬೇಕು.

ಆಗಲೇ ಮನೆಯಲ್ಲಿ ಮುಂದೆ ಮಾತ್ರ ಶಾಕ್ ಇರುವ ಎಂಟಿಬಿ (ಮೌಂಟನ್ ಬೈಕ್, ಗುಡ್ಡದ ಸೈಕಲ್) ಇದ್ದವರು ಗ್ರಾವೆಲ್ ಸೈಕಲ್ಲಿಗೆ ಲಕ್ಷ ಸುರಿಯುವ ಅಗತ್ಯವಿಲ್ಲ. ಅದಕ್ಕೆ ಎರಡು ಒಳ್ಳೆಯ ಟ್ಯೂಬ್‌ಲೆಸ್ ಟೈರು ಹಾಕಿಸಿದರೆ ಕೂಪು ದಾರಿಯಲ್ಲಿ ಅದೇ ಮುಂದಿರುತ್ತದೆ. ಗ್ರಾವೆಲ್ ಗೆಲ್ಲುವುದು ಟಾರು, ಮಣ್ಣು ಬೆರೆತ 50–60 ಕಿ.ಮೀ. ದಿನಗಳಲ್ಲಿ. ಘಟ್ಟದ ಕೆಳಗಿನವರಿಗೆ ಇನ್ನೊಂದು ಮಾತು: ಉಪ್ಪುಗಾಳಿಗೆ ಬೋಲ್ಟುಗಳು ಮೊದಲು ತುಕ್ಕು ಹಿಡಿಯುತ್ತವೆ, ಸೀಟ್‌ಪೋಸ್ಟ್ ಚೌಕಟ್ಟಿಗೆ ಅಂಟಿಕೊಂಡು ಬಿಚ್ಚಲಾಗದಂತಾಗುತ್ತದೆ. ಆರು ತಿಂಗಳಿಗೊಮ್ಮೆ ಹೊರಗೆಳೆದು ಒರೆಸಿ, ಗ್ರೀಸು ಹಚ್ಚಿ ಇಳಿಸಿ. ಪೋಸ್ಟ್ ಕಾರ್ಬನ್ನಿನದಾದರೆ ಗ್ರೀಸಲ್ಲ, ಅದಕ್ಕೆಂದೇ ಇರುವ ಪೇಸ್ಟು.

ತೊಳೆಯುವಾಗ ಬೈಕು ವಾಶ್ ಮಾಡುವ ಜೆಟ್ ಹಿಡಿಯಬೇಡಿ. ಆ ಒತ್ತಡ ಕ್ರ್ಯಾಂಕಿನ, ಹಬ್ಬಿನ, ಹ್ಯಾಂಡಲ್ ಕೆಳಗಿನ ಬೇರಿಂಗಿನ ಸೀಲು ದಾಟಿ ನೀರು ನುಗ್ಗಿಸುತ್ತದೆ. ಒಂದು ಬಕೆಟ್ ನೀರು, ಒಂದು ಮೆತ್ತನೆಯ ಬ್ರಷ್ಷು, ಮಣ್ಣು ಒಣಗುವ ಮೊದಲು. ಚೈನನ್ನು ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿದ ಮೇಲೆ ಪ್ರತಿ ಕೊಂಡಿಗೆ ಒಂದು ಹನಿ ಒಣ ಲ್ಯೂಬು, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆ ಕೆಂಪುದೂಳು ಹೀರಿ ಚೈನನ್ನು ಅರೆಯುತ್ತದೆ. 10 ಗೇರಿನ ಚೈನು ಅಳತೆಪಟ್ಟಿಯಲ್ಲಿ 0.75 ಪ್ರತಿಶತ ಹಿಗ್ಗಿದ್ದು ಕಂಡರೆ ಅದೇ ವಾರ ಬದಲಿಸಿ. ತಡಮಾಡಿದರೆ ಹೊಸ 11–36 ಕ್ಯಾಸೆಟ್ಟನ್ನೂ ಅದರ ಜೊತೆ ಎಸೆಯಬೇಕಾಗುತ್ತದೆ.